ಎಣ್ಣೆಯ ರಿಜಿಸ್ಟರು

ಗೇರುಬೀಜದ ಸೊನೆ ತಾಗಿದರೆ ಚರ್ಮ ಸುಟ್ಟು ಸುಲಿಯುತ್ತದೆ ಎಂಬುದನ್ನು ಕಾಸರಗೋಡಿನ ಕಡೆ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕಂದಿನಲ್ಲಿ ಹಸಿ ಬೀಜ ಕಚ್ಚಿ ನನ್ನ ಕೆಳತುಟಿ ಬಾತುಹೋಗಿತ್ತು, ಒಂದು ವಾರ ಗಂಜಿ ಕುಡಿಯುವಾಗಲೂ ಅಳುತ್ತಿದ್ದೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ಕೆಲಸಕ್ಕೆ ‘ಗೊತ್ತಿರಲಿಲ್ಲ’ ಎಂಬ ನೆಪ ನನಗೆ ಸಿಗಬಾರದು.

ರಾಜ್ಯಗಳ ಗಡಿ ಬದಲಾಗಿ ನಮ್ಮ ಊರು ಕೇರಳಕ್ಕೆ ಸೇರಿದ ಮರುವರ್ಷ ನಾನು ಕೊಚ್ಚಿಗೆ ಬಂದೆ. ಟೈಪಿಂಗ್ ಪಾಸಾಗಿತ್ತು, ಇಂಗ್ಲಿಷ್ ಪರವಾಗಿಲ್ಲ, ಮಲಯಾಳ ಅರೆಬರೆ. ಗೇರುಬೀಜದ ತಿರುಳನ್ನು ಹಡಗು ಹತ್ತಿಸುವ ಒಂದು ಕಂಪನಿಯಲ್ಲಿ ಪತ್ರವ್ಯವಹಾರದ ಗುಮಾಸ್ತನಾದೆ. ಕಚೇರಿ ಬಂದರಿನ ಪಕ್ಕದಲ್ಲಿ, ಕಾರ್ಖಾನೆ ಆಲುವದಿಂದಾಚೆ, ನನ್ನ ಬಾಡಿಗೆ ಕೋಣೆ ವೈಟ್ಟಿಲದ ಗದ್ದೆಗಳ ನಡುವೆ. ತಿಂಗಳ ಕೊನೆಗೆ ಊರಿಗೆ ಕಾಗದ ಬರೆಯುವಾಗ ‘ಎಕ್ಸ್‌ಪೋರ್ಟ್ ಕಂಪನಿ’ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೆ. ಅಷ್ಟು ಜಂಬ ಆಗ.

ನಮ್ಮ ಯಜಮಾನರನ್ನು ಎಲ್ಲರೂ ಮೊದಲಾಳಿ ಎನ್ನುತ್ತಿದ್ದರು. ಕೆಟ್ಟ ಮನುಷ್ಯ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಶಾಲೆಗೆ ಬೆಂಚು ಕೊಟ್ಟರು, ದೋಣಿ ಇಳಿಯುವಲ್ಲಿ ಕಲ್ಲಿನ ಮೆಟ್ಟಿಲು ಕಟ್ಟಿಸಿದರು. ತೀರಿಕೊಂಡ ತಾಯಿಯ ಹೆಸರಿನಲ್ಲಿ ತಿರುವನಂತಪುರದ ಉಳ್ಳೂರಿನಲ್ಲಿರುವ ದೊಡ್ಡಾಸ್ಪತ್ರೆಗೆ ಕಬ್ಬಿಣದ ಮಂಚಗಳನ್ನು ಕಳಿಸಿದಾಗ ಅದರ ಪತ್ರವನ್ನು ಟೈಪ್ ಮಾಡಿದವನು ನಾನೇ. ಮಂತ್ರಿಗಳ ಕೈಯಿಂದ ಉದ್ಘಾಟನೆ ಆಗುವ ತನಕ ಮಂಚಗಳನ್ನು ದಯವಿಟ್ಟು ಬಳಸಬಾರದು ಎಂಬ ಒಂದು ಸಾಲನ್ನು ಮೊದಲಾಳಿ ಕೊನೆಗೆ ಸೇರಿಸಲು ಹೇಳಿದ್ದರು. ಆ ಸಾಲಿನ ಇಂಗ್ಲಿಷನ್ನು ನಾನು ಮೂರು ಸಲ ತಿದ್ದಿ ನಯಗೊಳಿಸಿದ್ದೆ.

ಕಾರ್ಖಾನೆಯ ಒಳಗೆ ನಾನು ಕಾಲಿಟ್ಟದ್ದು ಒಂದೇ ಸಲ, ಬೀಜ ಕೊಳ್ಳುವ ಪರದೇಶದವರೊಬ್ಬರಿಗೆ ಮಾತು ತಿಳಿಸಿಕೊಡಲು. ಹೊರಗೆ ಬೀಜ ಹುರಿಯುವ ಹೊಗೆ ತಲೆ ತಿರುಗುವಷ್ಟಿತ್ತು. ಒಳಗಿನ ಉದ್ದನೆಯ ಚಪ್ಪರದಲ್ಲಿ ಇನ್ನೂರರ ಮೇಲೆ ಹೆಂಗಸರು ನೆಲಕ್ಕೆ ಕುಕ್ಕರಿಸಿ, ಮರದ ಕೊಡತಿಯಿಂದ ಬೀಜ ಒಡೆಯುತ್ತಿದ್ದರು. ಟಕ್ ಟಕ್ ಟಕ್. ಅಷ್ಟು ಜನ ಹೆಂಗಸರು ಒಂದೆಡೆ ಇದ್ದೂ ಒಂದು ಮಾತಿಲ್ಲ, ಒಂದು ಕೆಮ್ಮಿಲ್ಲ. ಎಲ್ಲರ ಕೈಯೂ ಮಣಿಕಟ್ಟಿನವರೆಗೆ ಕಪ್ಪು. ಆ ಕಪ್ಪು ಕೈಗಳಿಂದ ಬೆಳ್ಳನೆಯ ತಿರುಳು ಬುಟ್ಟಿಗೆ ಬೀಳುತ್ತಿತ್ತು. ಬಂದವರು ಬಹಳ ಶಿಸ್ತು ಎಂದು ಮೆಚ್ಚಿದರು, ನಾನೂ ಹೌದೆಂದೆ. ಆದರೆ ಆ ನಿಶ್ಶಬ್ದ ನನ್ನನ್ನು ಹೆದರಿಸಿತ್ತು, ಯಾಕೆಂದು ಆಗ ಹೊಳೆಯಲಿಲ್ಲ.

ಹೊಗೆಗೆ ನನಗೆ ಕೆಮ್ಮು ಹತ್ತಿಕೊಂಡಿತು. ಬಾಗಿಲ ಬಳಿ ಕೂತಿದ್ದ, ಕಿವಿಯ ತೂತು ಜೋಲುಬಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಎದ್ದು ಗಾಜಿನ ಲೋಟದಲ್ಲಿ ನೀರು ತಂದುಕೊಟ್ಟಳು. ಲೋಟ ತೆಗೆದುಕೊಳ್ಳುವಾಗ ಅವಳ ಬೆರಳು ನನ್ನ ಬೆರಳಿಗೆ ತಾಗಿತು. ಹುಣಿಸೆಬೀಜದ ಹಾಗೆ ನುಣ್ಣಗೆ, ತಣ್ಣಗೆ ಇತ್ತು. ಮನುಷ್ಯರ ಬೆರಳು ಹಾಗಿರುವುದಿಲ್ಲ. ನೀರು ಕುಡಿದು ಲೋಟ ಹಿಂದೆ ಕೊಡುವಾಗ ನೋಡಿದೆ, ಗಾಜಿನ ಮೇಲೆ ನನ್ನ ಬೆರಳಿನ ಗುರುತು ಮಾತ್ರ ಇತ್ತು. ಅವಳು ಹಿಡಿದಿದ್ದ ಜಾಗದಲ್ಲಿ ಒಂದು ಮಬ್ಬು ಕಲೆ, ಅಷ್ಟೆ.

ಆರೇಳು ತಿಂಗಳ ಮೇಲೆ ತಿರುವನಂತಪುರದ ಕಾರ್ಮಿಕ ಕಚೇರಿಯಿಂದ ಒಂದು ಕಾಗದ ಬಂತು. ನಮ್ಮ ಕಾರ್ಖಾನೆಯ ಹೆಂಗಸೊಬ್ಬಳ ಬಲಗೈ ಹುಣ್ಣಾಗಿ, ಹುಣ್ಣು ಕೀವಾಗಿ, ಉಳ್ಳೂರಿನಲ್ಲಿರುವ ತಂಗಿ ಅವಳನ್ನು ಕರೆದೊಯ್ದು ಅಲ್ಲಿನ ದೊಡ್ಡಾಸ್ಪತ್ರೆಗೆ ಸೇರಿಸಿದ್ದಳು. ಬೀಜ ಒಡೆಯುವವರ ಕೈಗೆ ಹಚ್ಚಲು ಕಂಪನಿ ವಾರವಾರ ಎಣ್ಣೆ ಕೊಡಬೇಕೆಂದು ನಿಯಮ. ಎಣ್ಣೆಯನ್ನು ತಾನು ಕಣ್ಣಿಂದಲೂ ಕಂಡಿಲ್ಲ ಎಂದು ಅವಳು ಅರ್ಜಿ ಕೊಟ್ಟಿದ್ದಳು. ಕೊಟ್ಟದ್ದಕ್ಕೆ ದಾಖಲೆ ಇದ್ದರೆ ತಂದು ತೋರಿಸಿ ಎಂದು ಕಚೇರಿ ಕೇಳಿತ್ತು. ದಾಖಲೆ ಇದ್ದರೆ ತಪ್ಪು ಅವಳದು, ಎಣ್ಣೆ ಪಡೆದೂ ಹಚ್ಚಿಕೊಳ್ಳಲಿಲ್ಲವೆಂದು ಅರ್ಜಿ ಬಿದ್ದುಹೋಗುತ್ತದೆ, ಕೆಲಸವೂ ಹೋಗುತ್ತದೆ. ಇಲ್ಲದಿದ್ದರೆ ಅವಳ ಕೈಯ ಜವಾಬ್ದಾರಿ ಕಂಪನಿಯದು.

ದಾಖಲೆ ಎಲ್ಲಿಂದ ಬರಬೇಕು? ಎಣ್ಣೆಯೇ ಬಂದಿರಲಿಲ್ಲ. ಮೊದಲಾಳಿ ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, ಅಚ್ಚುಕಟ್ಟಾಗಿ ಮಾಡಿ ಎಂದಷ್ಟೇ ಹೇಳಿ ಪ್ರಾರ್ಥನೆಗೆ ಹೋದರು. ಉಳಿದದ್ದನ್ನು ಹೆಡ್ ಗುಮಾಸ್ತರು ವಿವರಿಸಿದರು. ಮೂವತ್ತು ವರ್ಷ ಅದೇ ಕಚೇರಿಯಲ್ಲಿ ಕೂತು ತಲೆ ನೆರೆದವರು. ಇದಕ್ಕೊಂದು ಪದ್ಧತಿ ಉಂಟು, ಹಿಂದೆಯೂ ಮಾಡಿದ್ದೇವೆ ಎಂದರು. ಹಳೆಯ ರಿಜಿಸ್ಟರೊಂದರ ಖಾಲಿ ಹಾಳೆ, ಬೇರೆ ಬೇರೆ ಶಾಯಿ, ಮತ್ತೆ ಸಹಿ ಬಾರದ ಹೆಂಗಸರ ಹೆಬ್ಬೆಟ್ಟಿನ ಬದಲು ನನ್ನ ಹತ್ತು ಬೆರಳು. ಮುದುಕಿಯರ ಹೆಸರಿಗೆ ಗಟ್ಟಿಯಾಗಿ ಒತ್ತಬೇಕು, ಹುಡುಗಿಯರಿಗೆ ಹಗುರ. ಒಂದೇ ಬೆರಳು ಮೇಲಿಂದ ಮೇಲೆ ಬರಬಾರದು. ಹೆಡ್ ಗುಮಾಸ್ತರ ಬೆರಳು ವಯಸ್ಸಾಗಿ ನಡುಗುತ್ತಿದ್ದುದರಿಂದ ಈ ಕೆಲಸ ನನ್ನ ಪಾಲಿಗೆ ಬಂತು.

ಒಂದು ಭಾನುವಾರ ಮಧ್ಯಾಹ್ನ ಕಚೇರಿಯ ಕದ ಹಾಕಿಕೊಂಡು ಕೂತೆವು. ಹೊರಗೆ ಸುಡು ಬಿಸಿಲು, ಕಿಟಕಿಯಾಚೆ ಹಿನ್ನೀರು ಅಲುಗದೆ ಬಿದ್ದಿತ್ತು. ಹೆಡ್ ಗುಮಾಸ್ತರು ಪಟ್ಟಿ ನೋಡಿ ಒಬ್ಬೊಬ್ಬಳ ಹೆಸರನ್ನು ಓದುವುದು, ನಾನು ಶಾಯಿಗೆ ಅದ್ದಿ ಒತ್ತುವುದು. ಗುರುತುಗಳು ಚಕ್ಕುಲಿ ಸುತ್ತಿದ ಹಾಗೆ ಎಷ್ಟು ಚಂದ ಮೂಡುತ್ತಿದ್ದವು ಎಂದರೆ ಮೊದಮೊದಲು ನನಗೆ ನಗುವೇ ಬರುತ್ತಿತ್ತು. ಐದಾರು ಪುಟ ಮುಗಿಯುವ ಹೊತ್ತಿಗೆ ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಬೇರೆ ಜನರೂ ಇದ್ದಾರೆ ಎನ್ನಿಸತೊಡಗಿತು. ಸಾಲಾಗಿ ಬಂದು, ನಿಂತು, ಹೋಗುತ್ತಿದ್ದಾರೆ. ಹೆಡ್ ಗುಮಾಸ್ತರು ಒಂದು ಹೆಸರು ಓದಿದರು. ನನ್ನ ಬಾಯಿಂದ ತಾನಾಗಿ ‘ಹಾಜರ್’ ಎಂದು ಬಂತು. ಹೆಣ್ಣುದನಿಯಲ್ಲಿ ಬಂತು ಎಂದರೆ ನೀವು ನಂಬುವುದಿಲ್ಲ, ನಾನೂ ಪೂರ್ತಿ ನಂಬುವುದಿಲ್ಲ. ಹೆಡ್ ಗುಮಾಸ್ತರು ತಲೆಯೆತ್ತಿ ನನ್ನನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮುಂದಿನ ಹೆಸರಿಗೆ ಹೋದರು. ಅವರ ಕೈ ನಡುಗುವುದು ಬರೀ ವಯಸ್ಸಿನಿಂದಲ್ಲ ಎಂದು ಆಗ ತಿಳಿಯಿತು.

ಅರ್ಜಿ ಕೊಟ್ಟವಳ ಹೆಸರಿಗೆ ಪ್ರತಿ ವಾರವೂ ನನ್ನ ಬಲ ಹೆಬ್ಬೆರಳನ್ನೇ ಒತ್ತಿದೆವು. ಅವಳದೊಂದಾದರೂ ಒಂದೇ ಸಮ ಇರಲಿ ಎಂದು ಹೆಡ್ ಗುಮಾಸ್ತರ ಜಾಣತನ.

ಶಾಯಿಯನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದೆ, ಹೋಯಿತು. ಆದರೆ ಮಾರನೆಯ ದಿನದಿಂದ ನನ್ನ ಬೆರಳಿನ ಗುರುತು ಹೋದಲ್ಲೆಲ್ಲ ಕಾಣತೊಡಗಿತು. ಕನ್ನಡಿಯ ಮೇಲೆ, ಹಿತ್ತಾಳೆಯ ಚೊಂಬಿನ ಮೇಲೆ, ಟೈಪ್‌ರೈಟರಿನ ಕರಿಯ ಮೈಮೇಲೆ. ಮೊದಲೂ ಅಲ್ಲೆಲ್ಲ ಇದ್ದವೇ ಇರಬೇಕು, ಕಣ್ಣಿಗೆ ಬಿದ್ದಿರಲಿಲ್ಲ. ಒರೆಸಿದರೆ ಒರೆಸಿದ ಬೆರಳಿನದೇ ಇನ್ನೊಂದು ಗುರುತು ಕೂರುತ್ತಿತ್ತು. ಊಟ ಸೇರಲಿಲ್ಲ. ಇಷ್ಟಕ್ಕೆಲ್ಲ ಹೆದರುವ ನೀನು ಗಂಡಸಾ ಎಂದು ನನ್ನನ್ನೇ ಬೈದುಕೊಂಡು, ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ತಿರುವನಂತಪುರದ ಬಸ್ಸು ಹತ್ತಿದೆ.

ಕಾರ್ಮಿಕ ಕಚೇರಿಯ ಅಧಿಕಾರಿ ನಮ್ಮ ಊರಿನ ಕಡೆಯವರೇ, ಕಾನೂನು ಓದಿದ ಹಿರಿಯರು. ನನ್ನ ಹೆಸರು ನೋಡಿದವರೇ ಕನ್ನಡಕ್ಕೆ ಇಳಿದರು. ಆ ಊರಲ್ಲಿ ಕನ್ನಡ ಕೇಳಿದ್ದೇ ನನಗೆ ಜೀವ ಬಂದಂತಾಯಿತು. ಯಾರ ಪೈಕಿ, ಎಲ್ಲಿ ಓದಿದ್ದು, ಇಲ್ಲಿನ ಊಟ ಹಿಡಿಸುತ್ತದೋ ಎಂದೆಲ್ಲ ವಿಚಾರಿಸಿದರು. ತಮ್ಮ ಮಕ್ಕಳು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾರೆಂದು ನೊಂದುಕೊಂಡರು. ಹಾಗೆ ಮಾತಾಡುತ್ತಲೇ ರಿಜಿಸ್ಟರು ಬಿಚ್ಚಿ ಒಂದು ಭೂತಗನ್ನಡಿ ಹಿಡಿದು ಪುಟ ತಿರುವತೊಡಗಿದರು. ಕೊನೆಯ ಪುಟ ಮುಗಿಸಿ ಭೂತಗನ್ನಡಿ ಕೆಳಗಿಟ್ಟರು.

“ಎಲ್ಲರಿಗೂ ಗೆರೆ ಉಂಟಲ್ಲ ಮಾರಾಯ್ರೆ,” ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಡ್ರಾಯರಿನಿಂದ ಒಂದು ಹಾಳೆ ತೆಗೆದು ನನ್ನತ್ತ ಸರಿಸಿದರು. ಅದರ ಮೇಲೆ ಎರಡು ಕರಿಯ ಬೊಟ್ಟು. ಸುತ್ತಿಲ್ಲ, ಸುಳಿಯಿಲ್ಲ, ಒಂದು ಗೆರೆಯೂ ಇಲ್ಲ. ಹಿಂದಿನ ದಿನ ಆಸ್ಪತ್ರೆಗೆ ಹೋಗಿ ಆ ಹೆಂಗಸಿನ ಹೆಬ್ಬೆರಳನ್ನು ಎರಡು ಸಲ ಒತ್ತಿಸಿಕೊಂಡು ಬಂದಿದ್ದರಂತೆ, ಹುಣ್ಣಿಲ್ಲದ ಎಡಗೈಯದು. ಸೊನೆ ತಿಂದು ತಿಂದು ಬೀಜ ಒಡೆಯುವವರ ಬೆರಳಲ್ಲಿ ಗೆರೆ ಉಳಿಯುವುದಿಲ್ಲವೆಂದು ಶಾಂತವಾಗಿ ಹೇಳಿದರು. ಚಪ್ಪರದ ಬಾಗಿಲಲ್ಲಿ ನನಗೆ ತಾಗಿದ ನುಣ್ಣನೆಯ ಬೆರಳು ನೆನಪಾಯಿತು. ನಾನೂ ಹೆಡ್ ಗುಮಾಸ್ತರೂ ಶಾಯಿಯ ಬಣ್ಣ ಯೋಚಿಸಿದ್ದೆವು, ಒತ್ತುವ ಭಾರ ಯೋಚಿಸಿದ್ದೆವು. ಆ ಹೆಂಗಸರ ಕೈಯನ್ನು ಒಂದು ಸಲವೂ ಯೋಚಿಸಿರಲಿಲ್ಲ.

“ಇಷ್ಟರಿಂದ ಅವಳು ಗೆಲ್ಲುದಿಲ್ಲ,” ಎಂದರು ಅಧಿಕಾರಿ. “ಎಣ್ಣೆ ತಕ್ಕೊಳ್ಳುವಾಗ ಗೆರೆ ಇತ್ತು, ಹಚ್ಚದೆ ಆಮೇಲೆ ಹೋಯ್ತು ಅಂತ ನಿಮ್ಮ ವಕೀಲರು ಹೇಳ್ತಾರೆ. ಪುಸ್ತಕದ ಮಾತೇ ನಿಲ್ಲುದು. ಇದು ಯಾರ ಬೆರಳು ಅಂತ ಗೊತ್ತಿದ್ದವರು ಹೇಳ್ಬೇಕು.”

ನನಗೆ ನಾಚಿಕೆಯಾಯಿತು, ಆದರೆ ಅದಕ್ಕಿಂತ ಹೆಚ್ಚು ಭಯವಾಯಿತು. ಕೆಲಸ ಹೋದರೆ ಊರಿಗೆ ಯಾವ ಮುಖ ಹೊತ್ತು ಹೋಗಲಿ? ಅದು ಅವಳದೇ ಬೆರಳು ಎಂದೆ. ಅವರು ಸಿಟ್ಟಾಗಲಿಲ್ಲ. ಹಾಗಾದರೆ ಅವಳಿಗೇ ತೋರಿಸಿ ಕೇಳುವ ಎಂದು ಕೊಡೆ ಎತ್ತಿಕೊಂಡರು.

ಉಳ್ಳೂರಿನ ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ಗೋಣಿತಟ್ಟು ಸುತ್ತಿದ ಮಂಚಗಳನ್ನು ಗೋಡೆಗೊರಗಿಸಿ ಸಾಲಾಗಿ ನಿಲ್ಲಿಸಿದ್ದರು. ಒಂದರ ಗೋಣಿ ಹರಿದು ಒಳಗಿನ ಹಸಿರು ಬಣ್ಣವೂ ಮೊದಲಾಳಿಯ ತಾಯಿಯ ಹೆಸರೂ ಕಾಣುತ್ತಿದ್ದವು. ಮಂತ್ರಿಗಳಿಗೆ ಇನ್ನೂ ಪುರಸೊತ್ತು ಆಗಿರಲಿಲ್ಲ. ಆ ಮಂಚಗಳ ಬುಡದಲ್ಲೇ, ನೆಲದ ಮೇಲೆ, ಚಾಪೆ ಹಾಸಿಕೊಂಡು ರೋಗಿಗಳು ಮಲಗಿದ್ದರು. ನಾನು ಮೂರು ಸಲ ತಿದ್ದಿದ ಸಾಲು ಅವರನ್ನು ನೆಲದಲ್ಲಿಟ್ಟಿತ್ತು. ನಾನು ಕಾಲು ಎತ್ತಿ ಎತ್ತಿ ಇಡುತ್ತ ಅಧಿಕಾರಿಯ ಹಿಂದೆ ನಡೆದೆ.

ಕಿವಿಯ ತೂತು ಜೋಲುಬಿದ್ದ ಹೆಂಗಸೇ ಅವಳು. ಬಲಗೈಗೆ ಮೊಣಕೈ ತನಕ ಬಟ್ಟೆ ಸುತ್ತಿತ್ತು, ಪಕ್ಕದಲ್ಲಿ ತಂಗಿ ಗಾಳಿ ಹಾಕುತ್ತಿದ್ದಳು. ನನ್ನ ಗುರುತು ಅವಳಿಗೆ ಹತ್ತಲಿಲ್ಲ. ಅಧಿಕಾರಿ ರಿಜಿಸ್ಟರನ್ನು ಅವಳ ಮುಂದೆ ಬಿಚ್ಚಿ, ಇದು ನೀನು ಎಣ್ಣೆ ಪಡೆದದ್ದಕ್ಕೆ ಒತ್ತಿದ ಗುರುತಂತೆ, ನಿನ್ನದೇನಾ ಎಂದು ಮಲಯಾಳದಲ್ಲಿ ಕೇಳಿದರು. ಅವಳು ಎದ್ದು ಕೂತು ಪುಟದ ಮೇಲೆ ಬಗ್ಗಿದಳು. ಆ ಗೆರೆಗಳನ್ನು ಒಂದೊಂದಾಗಿ ನೋಡಿದಳು. ಇಷ್ಟು ಚಂದದ ಬೆರಳು ತನಗೆ ಮದುವೆಯಾದ ವರ್ಷ ಇತ್ತು ಎಂದಳು. ಅಣಕಿಸಲಿಲ್ಲ, ಬೈಯಲಿಲ್ಲ. ಪುಟದ ಮೇಲಿದ್ದದ್ದು ತನ್ನದೇ ಇರಬಹುದೇನೋ, ಯಾರೋ ತೆಗೆದಿಟ್ಟಿದ್ದರೇನೋ ಎನ್ನುವ ಹಾಗೆ ನೋಡುತ್ತಲೇ ಇದ್ದಳು.

ಪುಟ ಮಡಚಿಕೊಳ್ಳದಿರಲಿ ಎಂದು ಅದರ ಅಂಚನ್ನು ಹಿಡಿದುಕೊಂಡಿದ್ದೆ. ಅವಳ ಕಣ್ಣು ಪುಟದಿಂದ ಸರಿದು ನನ್ನ ಹೆಬ್ಬೆರಳಿನ ಮೇಲೆ ನಿಂತಿತು. ಎಡಗೈ ಚಾಚಿ ಅದನ್ನು ಹಿಡಿದುಕೊಂಡಳು. ಗೆರೆಯಿಲ್ಲದ ಆ ನುಣ್ಣನೆಯ ತುದಿ ನನ್ನ ಗೆರೆಗಳ ಮೇಲೆ ಮೆಲ್ಲನೆ ಓಡಾಡಿತು. ಹಜಾರದಲ್ಲಿ ಅಷ್ಟು ಜನರಿದ್ದರೂ ನನಗೆ ಒಂದು ಸದ್ದೂ ಕೇಳಿಸಲಿಲ್ಲ. ಕೈ ಕಿತ್ತುಕೊಂಡು ಓಡಬೇಕೆನ್ನಿಸಿತು, ಆಗಲಿಲ್ಲ.

“ಇದಾಣೋ ಎಂಡೆ ವಿರಲ್?” ಎಂದು ಕೇಳಿದಳು. ಇದೇನಾ ನನ್ನ ಬೆರಳು ಎಂದು. ನನ್ನನ್ನೇ ಕೇಳಿದಳು.

“ಅಲ್ಲ ಚೇಚಿ,” ಎಂದು ಅಕ್ಕನನ್ನು ಕರೆಯುವ ಹಾಗೆ ಮಲಯಾಳದಲ್ಲೇ ಹೇಳಿದೆ. “ಇದು ನನ್ನದು. ಪುಸ್ತಕದಲ್ಲಿರುವುದೂ ನನ್ನದೇ.”

ಅಧಿಕಾರಿ ನೆಲದ ಮೇಲೆ ಕೂತು ಅಲ್ಲೇ ಅದನ್ನು ಬರೆದುಕೊಂಡರು. ನಾನು ಸಹಿ ಹಾಕಿದೆ, ಪಕ್ಕದಲ್ಲಿ ಹೆಬ್ಬೆರಳನ್ನೂ ಒತ್ತಿದೆ. ಆ ವಾರವೇ ನನ್ನ ಕೆಲಸ ಹೋಯಿತು. ಅವಳ ಅರ್ಜಿ ಗೆದ್ದಿತು, ಆಸ್ಪತ್ರೆಯ ಖರ್ಚೂ ಅವಳ ಮುಂದಿನ ಜೀವನದ ಭಾರವೂ ಕಂಪನಿಯ ಮೇಲೆ ಬಿತ್ತು. ಆಲುವದ ಚಪ್ಪರಕ್ಕೆ ಸೋಮವಾರ ಸೋಮವಾರ ಎಣ್ಣೆಯ ಡಬ್ಬ ಬರತೊಡಗಿತೆಂದು ಹೆಡ್ ಗುಮಾಸ್ತರು ನನಗೆ ಕದ್ದು ಕಾಗದ ಬರೆದು ತಿಳಿಸಿದರು. ಅವಳ ಬಲ ಹೆಬ್ಬೆರಳನ್ನು ಮಾತ್ರ ಡಾಕ್ಟರು ಉಳಿಸಲಾಗಲಿಲ್ಲ, ಬುಡಕ್ಕೆ ಕತ್ತರಿಸಿದರು. ತಿರುವನಂತಪುರದ ಯಾವುದೋ ಕಪಾಟಿನಲ್ಲಿ, ಅವಳ ಹೆಸರಿನ ಮುಂದೆ, ವಾರಕ್ಕೊಂದರಂತೆ ಇಡೀ ವರ್ಷದ್ದು, ನನ್ನ ಹೆಬ್ಬೆರಳು ಇನ್ನೂ ಚೆನ್ನಾಗಿಯೇ ಇರಬೇಕು.