ನಾಲ್ಕು ಷೇರು, ಒಂದೇ ಕಬ್ಬು

ಆ ಮುಂಜಾನೆ ಬೈಲಹೊಂಗಲದ ನಮ್ಮ ಮನೆಯ ಹಿತ್ತಲಲ್ಲಿ ಕುಳಿತು, ವರ್ಷದ ಖಾರಕ್ಕೆಂದು ತಂದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಫೋನು ಬಂತು. ಬೆರಳೆಲ್ಲ ಉರಿ. ಮೊಣಕೈಯಿಂದ ಹೇಗೋ ಒತ್ತಿ ಸ್ಪೀಕರಿಗೆ ಹಾಕಿದೆ. ಗಡಬಡಿಯಲ್ಲಿ ಕೈ ಕಣ್ಣಿಗೆ ತಾಗಲಿಲ್ಲ, ಅದೊಂದು ಶಿವನ ದಯೆ.

ಸವದತ್ತಿಯಿಂದ ಭಾವ, ನನ್ನ ಗಂಡನ ಅಣ್ಣ.

“ತಂಗಿ, ನನ್ನ ತಮ್ಮಗ ಹೇಳು. ನಮ್ಮ ನಾಕ್ ಸಕ್ಕರಿ ಕಂಪನ್ಯಾಗ ಒಂದರ ರಿಸಲ್ಟ್ ಬಂತು. ಮೂರ ತಿಂಗಳದಾಗ ಆದಾಯ ದುಪ್ಪಟ್ಟ ಆಗೇತಿ! ನಿನ್ನ ಎಫ್‌ಡಿ ಈ ವಾರ ಮುಗೀತೈತೆಲ್ಲಾ? ಅಷ್ಟೂ ಇದಕ್ಕ ಹಾಕೂಣು. ಊಟಕ್ಕ ಬರತೇನಿ.”

ಕೇಳಲಿಲ್ಲ, ಹೇಳಿದರು. ಆ ಎಫ್‌ಡಿ, ಕಟಕೋಳದ ತವರಿನ ಹೊಲದಲ್ಲಿ ನನ್ನ ಪಾಲೆಂದು ನನ್ನ ಅಣ್ಣ ಕೊಟ್ಟ ಹಣ. ನಾನು ಬಾಯಿ ಬಿಡುವ ಮೊದಲೇ ಕೊಟ್ಟ, ಅದೂ ಒಂದು ದಯೆಯೇ. ಕೊರಳಲ್ಲಿನ ಇಷ್ಟಲಿಂಗ ಬಿಟ್ಟರೆ ನನ್ನದು ಎನ್ನಲು ನನಗಿದ್ದದ್ದು ಅದೊಂದೇ.

ನಮ್ಮದು ಕಬ್ಬಿನ ಮನೆ. ಷೇರಿನ ಹುಚ್ಚು ಹತ್ತಿದಾಗ ಅಣ್ಣತಮ್ಮಂದಿರು ತಮಗೆ ಗೊತ್ತಿದ್ದ ದಂಧೆಯನ್ನೇ ಹುಡುಕಿದರು. ಒಂದು ಸಕ್ಕರೆ ಕಂಪನಿಯ ಷೇರು ಕೊಂಡರು, ಇನ್ನೊಂದರದು ಕೊಂಡರು, ಹಾಗೆ ನಾಲ್ಕಾದವು. “ಎಲ್ಲಾ ಒಂದರಾಗ ಸುರುವಿಲ್ಲ, ನಾಕ್ ಕಡೆ ಹಂಚೇವಿ” ಎಂದು ಭಾವ ಮದುವೆಮನೆಗಳಲ್ಲಿ ಹೇಳಿಕೊಳ್ಳುತ್ತಿದ್ದರು. ನನ್ನ ಗಂಡನಿಗೆ ಮೊಬೈಲಿನ ಸಣ್ಣ ಅಕ್ಷರ ಕಾಣದು. ಮೂರು ತಿಂಗಳಿಗೊಮ್ಮೆ ಆ ಕಂಪನಿಗಳ ಫಲಿತಾಂಶವನ್ನು ನಾನೇ ಓದಿ ಹೇಳುತ್ತಿದ್ದೆ. ಓದುತ್ತ ಓದುತ್ತ ತಿಳಿಯಿತು. ಯಾರೂ ಕಲಿಸಲಿಲ್ಲ. ಯಾರೂ ತಡೆಯಲೂ ಇಲ್ಲ, ತಡೆಯಬೇಕೆಂದು ಅವರಿಗೆ ಹೊಳೆದಿರಲಿಲ್ಲ.

ಮಗಳು ಹತ್ತನೇ ತರಗತಿಯಲ್ಲಿ ಉಳಿಸಿದ್ದ ಗ್ರಾಫ್ ಹಾಳೆಗಳು ಕಪಾಟಿನಲ್ಲಿದ್ದವು. ಅವುಗಳ ಮೇಲೆ ನಾಲ್ಕು ಬಣ್ಣದ ಪೆನ್ಸಿಲಿನಿಂದ ನಾಲ್ಕೂ ಷೇರಿನ ದರ ಗುರುತಿಸುತ್ತ ಬಂದಿದ್ದೆ, ತಿಂಗಳಿಗೊಂದು ಚುಕ್ಕೆ. ಮೂರು ವರ್ಷದ ಚುಕ್ಕೆಗಳನ್ನು ಕೂಡಿಸಿದಾಗ ನಾಲ್ಕೂ ಗೆರೆ ಒಂದರ ಬೆನ್ನಿಗೆ ಒಂದು ಏರಿ, ಒಂದರ ಬೆನ್ನಿಗೆ ಒಂದು ಇಳಿದಿದ್ದವು. ಆಮೇಲೆ ಕಪ್ಪು ಪೆನ್ಸಿಲಿನಿಂದ ಐದನೆಯದನ್ನು ಎಳೆದೆ. ಅದು ಯಾವ ಷೇರಿನದೂ ಅಲ್ಲ, ಫ್ಯಾಕ್ಟರಿಯಿಂದ ನಮ್ಮ ಮನೆಗೆ ಬಂದ ಕಬ್ಬಿನ ಬಿಲ್ಲಿನ ಹಣದ್ದು. ಅದೂ ಅವುಗಳ ಜೊತೆಗೇ ಇಳಿದಿತ್ತು.

ಭಾವ ಬಂದರು, ಉಂಡರು, ಪಡಸಾಲೆಯ ಮಂಚದ ಮೇಲೆ ನನ್ನ ಗಂಡನ ಪಕ್ಕ ಕುಳಿತರು. ನಮ್ಮಲ್ಲಿ ಭಾವನೆದುರು ಸೊಸೆಯಂದಿರು ಅಡುಗೆಮನೆ ಬಾಗಿಲಿನಿಂದಲೇ ಮಾತಾಡುವುದು. ಅಂದು ನಾನು ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಹಾಳೆ ಹಾಸಿ ನೆಲದ ಮೇಲೆ ಕುಳಿತೆ.

“ಭಾವಾರ, ದುಪ್ಪಟ್ಟ ಅಂದ್ರೆಲ್ಲಾ, ಯಾವುದಕ್ಕ ಹೋಲಿಸಿ?”

“ಹಿಂದಿನ ಮೂರ ತಿಂಗಳಕ್ಕ. ಮತ್ತ್ಯಾವುದಕ್ಕ?”

“ಆ ಮೂರ ತಿಂಗಳ ಫ್ಯಾಕ್ಟರಿ ಬಂದ್ ಇತ್ತಲ್ರಿ? ಕಬ್ಬ ಇನ್ನಾ ಹೊಲದಾಗ ನಿಂತಿತ್ತು. ದೀಪಾವಳಿ ಮುಂದ ನುರಿಸಾಕ ಚಾಲೂ ಮಾಡಿದ್ರು. ನಿಂತ ಗಾಣಕ್ಕೂ ತಿರುಗೂ ಗಾಣಕ್ಕೂ ಹೋಲಿಸಿದ್ರ ದುಪ್ಪಟ್ಟ ಆಗಲಾರದ ಏನಾದೀತು? ಹ್ವಾದ ವರ್ಷದ ಇದ ಮೂರ ತಿಂಗಳ ತಗೀರಿ. ಆವಾಗ ಆದಾಯ ಇದಕ್ಕಿಂತ ಹೆಚ್ಚಿತ್ತು. ಅದರ ಹಿಂದಿನ ವರ್ಷ ಇನ್ನೂ ಹೆಚ್ಚು. ವರ್ಷಾ ವರ್ಷಾ ಇಳ್ಯಾಕ ಹತ್ತೇತಿ. ಹುಟ್ಟಾ ಕಬ್ಬ ಬೆಳದೋರು ನೀವು. ಹೊಲದಾಗ ಗೊತ್ತಿದ್ದದ್ದು ಮೊಬೈಲ್ ಹಿಡದ ಕೂಡ್ಲೆ ಯಾಕ ಮರೀತೀರಿ?”

ಭಾವ ನನ್ನತ್ತ ನೋಡಲಿಲ್ಲ. ತಮ್ಮನತ್ತ ತಿರುಗಿ ನಕ್ಕರು. “ಅಬಬಬಾ! ಮೆಣಸಿನಕಾಯಿ ಮುರಿಯೂ ಕೈ ಮುಂಬೈ ಬಾಜಾರಕ್ಕ ಹೊಂಟೈತಲ್ಲೋ ತಮ್ಮಾ!”

“ಇನ್ನಾ ತೊಳಕೊಂಡಿಲ್ರಿ, ದೂರ ಇರ್ರಿ,” ಎಂದೆ.

ನನ್ನ ಗಂಡ ಮೆಲ್ಲಗೆ ಬಾಯಿ ಹಾಕಿದರು. “ಅಣ್ಣಾ ಇಷ್ಟ ಅಂತಾನ... ಅರ್ಧಾ ಹಾಕಿದ್ರ ಏನಾಕ್ಕೈತಿ?”

“ಏನೂ ಆಗಂಗಿಲ್ರಿ. ಆದ್ರ ಹಾಕಂಗಿಲ್ಲ.”

ಅಷ್ಟರಲ್ಲಿ ಭಾವನ ಕೈಯಲ್ಲಿನ ಮೊಬೈಲಿನಲ್ಲಿ ದರ ಹಸಿರಾಯಿತು. “ನೋಡು, ನೋಡು! ನೀ ಮಾತಾಡೂದ್ರಾಗ ಎಂಟ ರೂಪಾಯಿ ಏರ್ತು!”

“ಏರಲಿ ಬಿಡ್ರಿ. ಏರಂಗಿಲ್ಲ ಅಂತ ನಾ ಎಲ್ಲಿ ಅಂದೆ? ಏರಿದ್ರ ನಾಕೂ ಕೂಡಿ ಏರತಾವ, ಇಳದ್ರ ನಾಕೂ ಕೂಡಿ ಇಳೀತಾವ, ಜೋಡಿ ನಮ್ಮ ಬಿಲ್ಲೂ ನಿಲ್ಲತೈತಿ. ಇದು ನಾಕ್ ಕಡೆ ಹಂಚಿದ್ದಲ್ಲ, ಒಂದ ಕಬ್ಬಿಗೆ ನಾಕ್ ಸಲ ಜೋತ ಬಿದ್ದದ್ದು.” ಹಾಳೆಯಲ್ಲಿ ಐದೂ ಗೆರೆ ಕೆಳಗೆ ಬಿದ್ದ ಜಾಗಕ್ಕೆ ಬೆರಳಿಟ್ಟೆ. “ಹ್ವಾದ ಮಳಿಗಾಲ ಬಿಲ್ಲ ಬರಲಿಲ್ಲ, ಷೇರ ಅರ್ಧಕ್ಕ ಬಂದು ನಿಂತಿದ್ವು. ಹುಡುಗಿ ಹಾಸ್ಟೆಲ್ ಫೀ ಎಲ್ಲಿಂದ ಹೋತು? ನನ್ನ ಎಫ್‌ಡಿ ಬಡ್ಡಿಂದ. ಈ ಮನ್ಯಾಗ ಕಬ್ಬಿನ ಹಂಗ ಇಲ್ಲದ್ದು ಅದೊಂದ. ಅದನ್ನ ಕೊಡಂಗಿಲ್ಲ.”

ಎಫ್‌ಡಿ ಮುಂದುವರಿಸುವ ಅರ್ಜಿಯನ್ನು ಬ್ಯಾಂಕಿನಿಂದ ಸೋಮವಾರವೇ ತಂದಿಟ್ಟಿದ್ದೆ. ಒಳಗಿನಿಂದ ತಂದು ಅವರಿಬ್ಬರ ಎದುರಿಗೇ ಸಹಿ ಹಾಕಿದೆ. ಸಹಿ ನೆಟ್ಟಗೆ ಬಂತು, ಅದಕ್ಕೂ ಮನಸ್ಸಿನಲ್ಲೇ ಶರಣೆಂದೆ.

ಭಾವ ಎದ್ದು ಚಪ್ಪಲಿ ಮೆಟ್ಟಿದರು. ಚಹಾ ಮುಟ್ಟಲಿಲ್ಲ.

“ಷೇರ ದುಪ್ಪಟ್ಟ ಆದ ದಿನ ನನ್ನ ಮುಂದ ಬಂದು ಅಳಬ್ಯಾಡವಾ ಮತ್ತ.”

“ನಿಮ್ಮ ಮುಂದ ಯಾಕ ಅಳ್ಲಿ ಭಾವಾರ? ಅಳೂದ ಬಂದ್ರ ದೇವರ ಮುಂದ ಅಳತೇನಿ. ಅಂವ ನಗಂಗಿಲ್ಲ.”

ಬೈಕಿನ ಸದ್ದು ಓಣಿ ದಾಟಿತು. ಇನ್ನು ಬರುವ ಹಬ್ಬಕ್ಕೆ ಅವರು ನಮ್ಮ ಮನೆಗೆ ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಬರದಿದ್ದರೆ ಊರೆಲ್ಲ ನನ್ನ ಹೆಸರು ಹೇಳುತ್ತದೆ. ಹೇಳಲಿ. ನನ್ನ ಗಂಡ ಕನ್ನಡಕ ಹುಡುಕಿ ಹಾಕಿಕೊಂಡು, ಹಾಳೆಯನ್ನು ಮಂಚದ ಮೇಲಿಟ್ಟುಕೊಂಡು ಕಪ್ಪು ಗೆರೆಯ ಮೇಲೆ ಬೆರಳಾಡಿಸುತ್ತ ಕುಳಿತರು. ಸರಿ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಆ ಅರ್ಜಿಗೆ ಅವರ ಸಹಿ ಬೇಕಾಗಿರಲಿಲ್ಲ.

“ಯಕ್ಕಾ, ನಳಾ ಬಂತು!” ಪಕ್ಕದ ಮನೆಯಾಕೆ ಕೂಗಿದಳು. ಎಂಟು ದಿನಕ್ಕೆ ಬಂದ ನೀರು. ಅರ್ಜಿಯನ್ನು ದೇವರ ಜಗಲಿಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲು ಕುಡಿಯುವ ನೀರಿನ ಕೊಡ ತೊಳೆಯಲು ಹೋದೆ.