ಒಡ್ಡದ ಉಡಿ

ಕುಷ್ಟಗಿಯ ಕಡೆ ಕೊಟ್ಟಿದ್ದ ನನ್ನ ಅಕ್ಕ ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಅಳವಂಡಿಯ ನಮ್ಮ ಮನೆಗೆ ಮರಳಿ ಬಂದಾಗ ಅವಳ ಮುಂಗೈ ಬಾತಿತ್ತು. ಗಂಡನ ಹೊಡೆತವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಮನೆಯವರು ಕೇಳಿದ್ದು ಒಂದೇ ಮಾತು: "ಗಂಡನ ಮನಿಗೆ ಯಾವಾಗ ಹೊಕ್ಕೀ?" ತವರಿಗೆ ಬಂದ ಮಗಳನ್ನು ಹೀಗೆ ಕೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

"ನಾ ಹೋಗೂದಿಲ್ಲ" ಎಂದು ಅಕ್ಕ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಳ್ಳೆಯ ದಿನ ನೋಡಿ, ಅವಳನ್ನು ಬಸ್ಸಿನ ತನಕ ಮುಟ್ಟಿಸಲು ಅಪ್ಪ ಬಂಡಿ ಕಟ್ಟಿಸಿದ. ಅವ್ವ ಉಡಿ ತುಂಬಲು ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಬೇರು, ಎಲೆ ಅಡಿಕೆ, ಒಂದು ಕುಪ್ಪಸದ ಖಣ ತಂದಿಟ್ಟಳು. ನಮ್ಮಲ್ಲಿ ಬರಿ ಉಡಿಯಲ್ಲಿ ಮಗಳನ್ನು ಹೊಸ್ತಿಲು ದಾಟಿಸುವುದಿಲ್ಲ. ದಾಟಿಸಿದರೆ ತವರಿಗೆ ಕೇಡು ಎನ್ನುತ್ತಾರೆ.

ಅವ್ವ ಬೊಗಸೆ ತುಂಬಿ ನಿಂತಳು. ಅಕ್ಕ ಸೆರಗು ಒಡ್ಡಲಿಲ್ಲ. ಅದನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ ಕೈ ಕಟ್ಟಿಕೊಂಡಳು.

"ಉಡಿ ಒಡ್ಡವಾ" ಅಂದಳು ಅಜ್ಜಿ.

"ಒಡ್ಡೂದಿಲ್ಲ. ಬರೇ ಉಡೀಲೆ ಕಳಸ್ತೀರೇನು, ಕಳಸ್ರಿ."

ಅಪ್ಪ ಕೂಗಾಡಿದ. ಅಜ್ಜಿ ಹಣೆ ಚಚ್ಚಿಕೊಂಡಳು. ಆದರೆ ತಮ್ಮ ಶಾಸ್ತ್ರವನ್ನು ತಾವೇ ಮುರಿಯುವ ಧೈರ್ಯ ಅವರಿಗೆಲ್ಲಿತ್ತು? ಬಂಡಿಯ ಎತ್ತು ಬಿಚ್ಚಿದರು. ಅವ್ವ ಆ ಉಡಿಯಕ್ಕಿಯನ್ನೇ ತೊಳೆದು ಅನ್ನಕ್ಕಿಟ್ಟಳು. ಅಪ್ಪ ಉಣ್ಣದೆ ಎದ್ದುಹೋದ. ಅಕ್ಕ ಮತ್ತೊಮ್ಮೆ ನೀಡಿಸಿಕೊಂಡು ಉಂಡಳು.

ಅವಳು ತವರಲ್ಲೇ ಉಳಿದಳು, ಆದರೂ ಗೆದ್ದಳು ಎನ್ನಲಾರೆ. ಮದುವೆ ಮನೆಗಳಲ್ಲಿ ಊರ ಹೆಂಗಸರು ಸಾಲಾಗಿ ಎಲ್ಲರ ಉಡಿ ತುಂಬುತ್ತ ಬಂದು ಅವಳೊಬ್ಬಳನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. "ಗಂಡನ ಬಾಳೇವು ಬಿಟ್ಟಾಕಿ" ಎಂದು ಅವಳ ಕಿವಿಗೆ ಬೀಳುವಷ್ಟೇ ಮೆತ್ತಗೆ ಆಡಿಕೊಳ್ಳುತ್ತಿದ್ದರು. ಕಡೆಗೆ ಅವಳು ಯಾವ ಮದುವೆಗೂ ಹೋಗದಾದಳು.

ಕೆಲವು ವರ್ಷಗಳ ನಂತರ ನನ್ನನ್ನು ಗಂಗಾವತಿಗೆ ಕೊಟ್ಟರು. ನನ್ನನ್ನೂ ಯಾರೂ ಕೇಳಿರಲಿಲ್ಲ. ಕಳಿಸಿಕೊಡುವಾಗ ಹೆಂಗಸರೆಲ್ಲ ನನ್ನ ಉಡಿ ತುಂಬಲು ಸೇರಿದರು, ಅಕ್ಕನನ್ನು ಮಾತ್ರ ಅಡುಗೆಮನೆಯಲ್ಲೇ ಇರಿಸಿದ್ದರು. ನಾನು ಸೆರಗನ್ನು ಮುಷ್ಟಿಯಲ್ಲಿ ಹಿಡಿದು, "ಅಕ್ಕ ಬರ್ಲಿ, ಆಮ್ಯಾಲ ಒಡ್ಡತೀನಿ" ಅಂದೆ. ಅವ್ವ ಹೆದರಿಹೋದಳು. ಆ ಹಟವನ್ನು ಅವಳು ಮೊದಲೇ ಅಕ್ಕನಲ್ಲಿ ಕಂಡಿದ್ದಳು. ತಾನೇ ಹೋಗಿ ಅಕ್ಕನನ್ನು ಕರೆತಂದಳು.

ಅಕ್ಕ ಬೊಗಸೆ ತುಂಬಿ ನನ್ನ ಉಡಿಗೆ ಅಕ್ಕಿ ಸುರಿದಳು. ನಾನು ಉಡಿಗೆ ಗಂಟು ಹಾಕುವಾಗ ಅವಳು ಬಗ್ಗಿ, ನನಗಷ್ಟೇ ಕೇಳುವಂತೆ ಅಂದಳು: "ಭಾಳ ಬಿಗಿ ಕಟ್ಟಬ್ಯಾಡವಾ. ಬಿಚ್ಚಾಕ ಬರಬೇಕು."