ಗಿರಿಜಳನ್ನು ಹಾಸ್ಟೆಲಿಗೆ ಬಿಟ್ಟು ಬಂದದ್ದು

ಹಟ್ಟಿಯಂಗಡಿಯಿಂದ ಬೆಳಗ್ಗಿನ ಮೊದಲ ಬಸ್ಸಿಗೆ ಹೊರಟೆವು. ಜುಲೈ ತಿಂಗಳು; ರಾತ್ರಿಯಿಡೀ ಹೊಯ್ದ ಮಳೆ ಆಗಷ್ಟೇ ಬಿಟ್ಟಿತ್ತು. ಕಲಿಯಲು ಹೊರಟವಳು ನನ್ನ ಹೆಂಡತಿ ಗಿರಿಜ, ಜೊತೆಗೆ ಹೊರಟವನು ನಾನು. ಮುಂಬಯಿಯಲ್ಲಿ ನಡೆಸುತ್ತಿದ್ದ ಸಣ್ಣ ಹೋಟೆಲನ್ನು ಬೇರೆಯವರಿಗೆ ವಹಿಸಿ ಊರಿಗೆ ಬಂದು, ತಮ್ಮನ ಸಂಸಾರದ ಜೊತೆ ಇರತೊಡಗಿ ಆಗ ವರ್ಷವಾಗಿತ್ತು. ಗಿರಿಜ ಮುಂಬಯಿಯಲ್ಲಿದ್ದಾಗಲೇ ಅಂಚೆ ಶಿಕ್ಷಣದಲ್ಲಿ ಬಿ.ಎ. ಮುಗಿಸಿದ್ದಳು. ಈಗ ಇತಿಹಾಸದಲ್ಲಿ ಎಂ.ಎ. ಮಾಡುವ ಆಸೆ. ಬೈಂದೂರಿನಾಚೆ ಗುಡ್ಡದ ಮೇಲಿರುವ ವಿಶ್ವವಿದ್ಯಾಲಯದ ಸಣ್ಣ ಕ್ಯಾಂಪಸ್ಸಿನಲ್ಲಿ ಸೀಟೂ ಸಿಕ್ಕಿತ್ತು. ದಿನಾ ಬಸ್ಸಿನಲ್ಲಿ ಹೋಗಿ ಬಂದರಾಯಿತೆಂದು ಮನೆಯಲ್ಲಿ ಮಾತಾಡಿಕೊಂಡಿದ್ದೆವು.

ತಲ್ಲೂರಿನಲ್ಲಿ ಬಸ್ಸು ಬದಲಿಸಿದೆವು. ಬೈಂದೂರಿಗೆ ತಲಾ ಹದಿನೈದು ರೂಪಾಯಿ. ಹೆದ್ದಾರಿ ಆಗಿನ್ನೂ ಅಗಲವಾಗಿರಲಿಲ್ಲ. ಲಾರಿ ಎದುರಾದಾಗಲೆಲ್ಲ ನಮ್ಮ ಬಸ್ಸು ಕೆಸರಿಗೆ ಇಳಿದು ಹತ್ತುತ್ತಿತ್ತು. ಮರವಂತೆಯಲ್ಲಿ ಸಮುದ್ರ ಬಂಡೆಗಳನ್ನು ದಾಟಿ ರಸ್ತೆಯವರೆಗೂ ಎಗರುತ್ತಿತ್ತು. ಬಲಗಡೆ ಸೌಪರ್ಣಿಕೆ ಕೆಂಪು ನೀರು ತುಂಬಿಕೊಂಡು ಸುಮ್ಮನೆ ಸಾಗುತ್ತಿದ್ದಳು. ಎಡಗಡೆಯ ಕಿಟಕಿಗೆ ಕೂತಿದ್ದ ಗಿರಿಜಳ ಮುಖಕ್ಕೆ ಉಪ್ಪುನೀರು ಸಿಡಿಯಿತು. ಅವಳು ಒರೆಸಿಕೊಳ್ಳಲೂ ಇಲ್ಲ. ಹೊಸ ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಬೈಂದೂರಿನವರೆಗೂ ಹಾಗೇ ಕೂತಳು.

ಬೈಂದೂರಿನಿಂದ ಗುಡ್ಡಕ್ಕೆ ಹೋಗುವುದು ಒಂದೇ ಖಾಸಗಿ ಬಸ್ಸು. ಅದರ ತುಂಬ ಹುಡುಗ ಹುಡುಗಿಯರು. ಗೇರುಮರಗಳ ನಡುವಿನ ಮಣ್ಣುದಾರಿಯಲ್ಲಿ ಏರಿ, ಎರಡು ಕಂಬಗಳ ಎದುರು ನಮ್ಮನ್ನೆಲ್ಲ ಇಳಿಸಿತು. ಕಂಬಗಳಿದ್ದವು, ಗೇಟಿರಲಿಲ್ಲ. ನಮ್ಮ ಜೊತೆಗೇ ಒಂದು ದನವೂ ನಿಧಾನಕ್ಕೆ ಒಳಗೆ ಬಂತು.

ಮುಖ್ಯ ಕಟ್ಟಡಕ್ಕೆ ಎರಡು ಮಾಳಿಗೆ. ಎದುರಿಗೆ ಸುಣ್ಣಬಣ್ಣ, ಹಿಂದೆ ಗಾರೆ ಕಾಣದ ಕೆಂಪು ಮುರಕಲ್ಲಿನ ಗೋಡೆ. ವರಾಂಡದ ಕಂಬಿಗಳಿಗೆಲ್ಲ ಒದ್ದೆ ಕೊಡೆಗಳು ನೇತಾಡುತ್ತಿದ್ದವು. ಆಫೀಸಿನಲ್ಲಿ ಗುಮಾಸ್ತರು ಕಾಗದಗಳನ್ನು ನೋಡಿ, ನಮ್ಮಿಬ್ಬರನ್ನೂ ನೋಡಿ, ನಮ್ಮ ಹಿಂದೆ ಯಾರನ್ನೋ ಹುಡುಕಿದರು.

"ಮಗ್ಳ್ ಎಲ್ಲಿದ್ಲ್? ಸೈ ಅವ್ಳೇ ಮಾಡ್ಕ್."

ನಮಗೆ ಮಕ್ಕಳಿಲ್ಲ. ಈ ಪ್ರಶ್ನೆಯನ್ನು ಬೇರೆ ಬೇರೆ ಬಾಯಿಗಳಲ್ಲಿ ನಾವು ಬೇಕಾದಷ್ಟು ಕೇಳಿದ್ದೇವೆ. ಉತ್ತರ ಕೊಡುವವನು ಯಾವಾಗಲೂ ನಾನೇ. ಅಂದು ನಾನು ಬಾಯಿ ತೆರೆಯುವ ಮೊದಲೇ ಗಿರಿಜ ಅವರ ಮೇಜಿನಿಂದ ಪೆನ್ನು ತೆಗೆದುಕೊಂಡಳು.

"ಕಲಿಯೂಕೆ ಬಂದದ್ ನಾನೇ."

ಗುಮಾಸ್ತರು ತಡಬಡಾಯಿಸಿ ಎದ್ದು ನಿಂತರು. ಪಾಪ, ಒಳ್ಳೆಯವರು. ತಾವೇ ಬಂದು ಲೈಬ್ರರಿಯ ದಾರಿ ತೋರಿಸಿದರು.

ಲೈಬ್ರರಿ ಇದ್ದದ್ದು ಹಿಂದೆ ಶಾಲೆಯಾಗಿದ್ದ ಉದ್ದನೆಯ ಹಂಚಿನ ಮಾಡಿನ ಕಟ್ಟಡದಲ್ಲಿ. ಸೋರುವ ಕಡೆ ಬಕೆಟ್ ಇಟ್ಟು, ಕಪಾಟುಗಳನ್ನು ಗೋಡೆಯಿಂದ ದೂರಕ್ಕೆ ಎಳೆದಿದ್ದರು. ಪಕ್ಕದ ಕಂಪ್ಯೂಟರ್ ಕೋಣೆಗೆ ಮಾತ್ರ ದೇವಸ್ಥಾನದ ಮರ್ಯಾದೆ. ಚಪ್ಪಲಿ ಹೊರಗೆ ಬಿಡಬೇಕು. ಗಿರಿಜ ಲೈಬ್ರರಿಯಲ್ಲಿ ಶಾಸನಗಳ ಪುಸ್ತಕವೊಂದನ್ನು ತೆರೆದು ಕಿಟಕಿಯ ಬಳಿ ನಿಂತಳು. ನಾನು ಎರಡು ಸಲ ಕರೆದೆ, ಅವಳಿಗೆ ಕೇಳಿಸಲಿಲ್ಲ. ಕ್ಯಾಂಟೀನಿಗೆ ಹೋಗಿ ಒಬ್ಬನೇ ಬನ್ಸ್ ತಿಂದು ಚಾ ಕುಡಿದೆ. ಹೋಟೆಲಿನವನ ಚಾಳಿ, ಬಿಡುವುದಿಲ್ಲ: ಚಾ ಚೆನ್ನಾಗಿತ್ತು, ಬನ್ಸಿಗೆ ಬಾಳೆಹಣ್ಣು ಸಾಲದಾಗಿತ್ತು. ತಿರುಗಿ ಬಂದಾಗಲೂ ಅವಳು ಅಲ್ಲೇ, ಹಾಗೇ ನಿಂತಿದ್ದಳು.

ತೊಂದರೆ ಗೊತ್ತಾದದ್ದು ನೋಟಿಸ್ ಬೋರ್ಡಿನ ಎದುರು. ಕೊನೆಯ ತರಗತಿ ಮುಗಿಯುವುದು ಐದಕ್ಕೆ. ಗುಡ್ಡದಿಂದ ಕೊನೆಯ ಬಸ್ಸು ಇಳಿಯುವುದು ನಾಲ್ಕಕ್ಕೆ. ಅಲ್ಲೇ ಇದ್ದ ಅಧ್ಯಾಪಕಿಯೊಬ್ಬರು, ಹಾಸ್ಟೆಲಿನ ವಾರ್ಡನ್ ಕೂಡ ಅವರೇ, ದೂರದವರೆಲ್ಲ ಹಾಸ್ಟೆಲಿನಲ್ಲೇ ಇರುವುದೆಂದೂ ಒಂದು ಮಂಚ ಖಾಲಿ ಇದೆಯೆಂದೂ ಹೇಳಿದರು.

ಗಿರಿಜ ನನ್ನನ್ನು ಪಕ್ಕಕ್ಕೆ ಕರೆದಳು. "ತಿರುಗಿ ಹೋಪ ಕಾಣಿ. ಈ ಪ್ರಾಯದಲ್ಲ್ ಹಾಸ್ಟೆಲ್ ಅಂದ್ರೆ ಜನ ನೆಗಾಡ್ತ್ರ್."

ನಿಜ ಹೇಳಬೇಕೆಂದರೆ ನನಗೆ ಸಮಾಧಾನವಾಯಿತು. ಮದುವೆಯಾದಂದಿನಿಂದ ನಾವು ಬೇರೆ ಬೇರೆ ಇದ್ದವರಲ್ಲ. ಆದರೆ ಕಿಟಕಿಯ ಬಳಿ ನಾನು ಕರೆದದ್ದೂ ಕೇಳಿಸದೆ ನಿಂತಿದ್ದಳಲ್ಲ, ಆ ಮುಖ ಕಣ್ಣೆದುರಿಗೇ ಇತ್ತು. ಬಂದದ್ದು ಬಂದೆವು, ಕೋಣೆಯನ್ನು ಒಮ್ಮೆ ಕಂಡುಕೊಂಡು ಬರೋಣ, ಆಮೇಲೆ ನೀನು ಹೇಳಿದ ಹಾಗೆ ಎಂದೆ.

ಹಾಸ್ಟೆಲು ಬಾವಿಯ ಆಚೆಗಿನ ತಾರಸಿ ಕಟ್ಟಡ. ಹೊರಗೆ ಒಂದು ರೂಪಾಯಿ ನಾಣ್ಯದ ಫೋನು, ಒಳಗೆ ಸಾಲುಸಾಲು ಹಗ್ಗ, ಹಗ್ಗದ ತುಂಬ ಒಣಗದ ಬಟ್ಟೆ. ಗಂಡಸರು ವರಾಂಡ ದಾಟುವ ಹಾಗಿಲ್ಲ. ಗಿರಿಜ ಒಳಗೆ ಹೋದಳು, ನಾನು ಬೆಂಚಿನ ಮೇಲೆ ಕೂತೆ; ಪಕ್ಕದ ಕೋಣೆಯ ಮಾತು ಅಲ್ಲಿಗೇ ಕೇಳುತ್ತಿತ್ತು. ಅದರಲ್ಲಿ ಇಬ್ಬರು ಹುಡುಗಿಯರು. ಮಾತಾಡುತ್ತಿದ್ದವಳು ಶೈಲ, ಕೋಡಿಯ ಮೀನುಗಾರರ ಮನೆಯವಳು. ಖಾಲಿ ಮಂಚಕ್ಕೆ ಮಳೆಯ ಇರಚಲು ಬಡಿಯುತ್ತದೆ, ಪ್ಲಾಸ್ಟಿಕ್ ಕಟ್ಟಿದರೆ ಸರಿಯಾಗುತ್ತದೆ ಎಂದು ವಿವರಿಸುತ್ತಿದ್ದಳು. ಗಿರಿಜ, ತಾನಿದ್ದರೆ ನಿಮಗೆ ಮನೆಯಲ್ಲಿ ಅಮ್ಮ ಇದ್ದ ಹಾಗೆ ಆಗುವುದಿಲ್ಲವೇ, ನಗುವುದಕ್ಕೂ ಹೆದರಬೇಕಾಗುವುದಿಲ್ಲವೇ ಎಂದು ಕೇಳಿದಳು.

ಶೈಲಳ ಸ್ವರ ಕೇಳಿತು. "ಅಮ್ಮ ಮನೆಯಲ್ಲ್ ಇದ್ರ್. ನೀವ್ ನಮ್ ಕ್ಲಾಸಿನವ್ರ್. ನಾವ್ ಅಕ್ಕ ಅಂದ್ ಕರಿತ್ತ್, ಆಗ್ದಾ?"

ಗಿರಿಜ ಏನು ಹೇಳಿದಳೋ ಕೇಳಲಿಲ್ಲ. ಹೊರಗೆ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು, ಚೀಲ ಕೈಯಲ್ಲಿರಲಿಲ್ಲ. ಅದನ್ನು ಮಂಚದ ಮೇಲೆ ಇಟ್ಟು ಬಂದಿದ್ದಳು. ಮಧ್ಯಾಹ್ನವೇ ತರಗತಿ ಇದೆಯೆಂದೂ, ಇವತ್ತಿಗೆ ಹೊದಿಕೆ ಶೈಲ ಕೊಡುತ್ತಾಳೆಂದೂ ನೆಲ ನೋಡುತ್ತಾ ಹೇಳಿದಳು. ಹಾಗಾದರೆ ನಾಳೆ ಬಟ್ಟೆ ತೆಗೆದುಕೊಂಡು ಬರುತ್ತೇನೆ ಎಂದೆ.

"ಬ್ಯಾಡ. ಬಟ್ಟೆ ಬಸ್ಸಿಗ್ ಹಾಕಿ ಕಳ್ಸಿ. ನೀವ್ ಬಂದ್ರೆ ನಾನೂ ಹೊರಡ್ತೆ." ಆಮೇಲೆ ಹೇಳಿದಳು: "ಶನಿವಾರ ಬತ್ತೆ."

ನನ್ನ ಅಂಗಿಯ ಕಾಲರು ಸರಿಮಾಡಿದಳು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಹುಡುಗಿಯರು ಅವಳನ್ನು ಕರೆದುಕೊಂಡು ಹೋದರು.

ಎರಡು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಳೆ ಮತ್ತೆ ಶುರುವಾಯಿತು. ವರಾಂಡದ ತುದಿಯಲ್ಲಿ ನಿಂತರೆ ಊಟದ ಕೋಣೆಯ ಜಾಲರಿ ಕಿಟಕಿ ಕಾಣುತ್ತದೆ. ಮುಂಬಯಿಯಲ್ಲಿದ್ದಷ್ಟು ವರ್ಷವೂ ಗಿರಿಜ ಉಣ್ಣುತ್ತಿದ್ದದ್ದು ಎಲ್ಲರ ಊಟವಾದ ಮೇಲೆ, ಅಡುಗೆಮನೆಯಲ್ಲಿ ನಿಂತುಕೊಂಡು, ತಣ್ಣಗಾದದ್ದನ್ನು. ಈಗ ಅವಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಬಡಿಸುವ ಹೆಂಗಸು ಕುಚ್ಚಲಕ್ಕಿ ಅನ್ನ ಹಾಕಿ ಸೌತೆಕಾಯಿ ಹುಳಿ ಬಡಿಸಿದಳು. ಗಿರಿಜ ತಟ್ಟೆಯನ್ನು ಹಿಂದಕ್ಕೆ ತೆಗೆಯದೆ ಇನ್ನೊಂದು ಸೌಟು ಹಾಕಿಸಿಕೊಂಡಳು. ಶೈಲಳ ಪಕ್ಕ ಬೆಂಚಿನ ಮೇಲೆ ಕೂತು, ಹಬೆಯಾಡುವ ಅನ್ನವನ್ನು ಊದಿ ಊದಿ ಕಲಸಿ ಉಣ್ಣತೊಡಗಿದಳು. ಯಾರೋ ಏನೋ ಹೇಳಿದರು. ಅವಳು ತುತ್ತು ಕೈಯಲ್ಲೇ ಹಿಡಿದು ನಕ್ಕಳು.

ಕಂಬಗಳ ಬಳಿ ಬಸ್ಸು ಹಾರ್ನ್ ಹಾಕಿತು. ಹೊರಟೆ ಎಂದು ಒಂದು ಮಾತು ಹೇಳಬೇಕೆನಿಸಿತು. ಆದರೆ ನಾನು ಕರೆದರೆ ಊಟ ಬಿಟ್ಟು ಎದ್ದು ಬರುವವಳು ಅವಳು. ಕರೆಯಲಿಲ್ಲ. ಕೊಡೆ ಬಿಡಿಸಿಕೊಂಡು ಬಸ್ಸಿನ ಕಡೆಗೆ ನಡೆದೆ.